ಮಾಡೆಲಿಂಗ್ ಆಂಪ್‌ನಲ್ಲಿ ಗಿಟಾರ್ ರೆಕಾರ್ಡಿಂಗ್: ಸದ್ದು ಕೆಟ್ಟರೆ ದೋಷ ಹುಡುಕುವ ಬಗೆ

ಮಾಡೆಲಿಂಗ್ ಆಂಪ್ (ಆಂಪ್, ಸ್ಪೀಕರ್, ಎಫೆಕ್ಟ್ ಇವುಗಳ ಸದ್ದನ್ನು ಡಿಜಿಟಲ್ ಆಗಿ ಅನುಕರಿಸುವ ಸಾಧನ, ಅಂದರೆ ಮಾಡೆಲರ್) ಇಟ್ಟುಕೊಂಡು ಮನೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ರೆಕಾರ್ಡ್ ಮಾಡುವಾಗ ಸದ್ದು ಕೆಟ್ಟರೆ ಮೊದಲು ಕೈ ಹೋಗುವುದು ಟೋನ್ ನಾಬ್‌ಗಳ ಕಡೆಗೆ. ಟ್ರೆಬಲ್ ಇಳಿಸುತ್ತೇವೆ, ಮಿಡ್ ಏರಿಸುತ್ತೇವೆ, ಪ್ರೀಸೆಟ್ (ಉಳಿಸಿಟ್ಟ ಸೆಟ್ಟಿಂಗ್ ಗುಂಪು) ಬದಲಿಸುತ್ತೇವೆ. ಅಷ್ಟಕ್ಕೂ ಸರಿಹೋಗದಿದ್ದರೆ ಪಿಕಪ್‌ಗಳನ್ನೇ ಬದಲಿಸುವ ಯೋಚನೆ ಬರುತ್ತದೆ. ಇಂಥ ದೂರುಗಳಲ್ಲಿ ಹೆಚ್ಚಿನವು ಟೋನ್‌ಗೆ ಸಂಬಂಧಿಸಿದವೇ ಅಲ್ಲ. ಸಿಗ್ನಲ್ ಹರಿಯುವ ದಾರಿಯಲ್ಲಿ ಎಲ್ಲೋ ಒಂದು ಸ್ವಿಚ್, ಒಂದು ಕೇಬಲ್ ಅಥವಾ ಒಂದು ಸೆಟ್ಟಿಂಗ್ ತಪ್ಪಾಗಿರುತ್ತದೆ. ದಾರಿ ಸರಿಯಿದೆ ಎಂದು ಖಾತ್ರಿಯಾಗುವ ತನಕ ಈಕ್ಯೂ (ಬೇಸ್, ಮಿಡ್, ಟ್ರೆಬಲ್ ಹೆಚ್ಚುಕಡಿಮೆ ಮಾಡುವ ಈಕ್ವಲೈಜರ್) ಮುಟ್ಟಬೇಡಿ. ತಪ್ಪು ದಾರಿಯಲ್ಲಿ ಬಂದ ಸದ್ದನ್ನು ಈಕ್ಯೂನಿಂದ ತಿದ್ದಿದರೆ, ಮುಂದೆ ದಾರಿ ಸರಿಪಡಿಸಿದಾಗ ಆ ತಿದ್ದುಪಡಿಯೇ ಹೊಸ ದೋಷವಾಗಿ ಕಾಡುತ್ತದೆ.

ದಾರಿಯನ್ನು ಎರಡು ಭಾಗ ಮಾಡಿ

ಪಿಕಪ್, ಗಿಟಾರ್ ಕೇಬಲ್, ಮಾಡೆಲರ್‌ನ ಇನ್‌ಪುಟ್, ಒಳಗಿನ ಆಂಪ್ ಮಾಡೆಲ್, ಕ್ಯಾಬಿನೆಟ್ ಮಾಡೆಲ್, ಯುಎಸ್‌ಬಿ ಅಥವಾ ಲೈನ್ ಔಟ್, ಡ್ರೈವರ್, ರೆಕಾರ್ಡಿಂಗ್ ತಂತ್ರಾಂಶದ ಟ್ರ್ಯಾಕ್, ಮಾಸ್ಟರ್, ಕೊನೆಗೆ ಹೆಡ್‌ಫೋನ್ ಅಥವಾ ಮಾನಿಟರ್ ಸ್ಪೀಕರ್. ಸದ್ದು ಇಷ್ಟು ಕಡೆ ಹಾದು ಬರುತ್ತದೆ. ಒಂದು ತುದಿಯಿಂದ ಶುರುಮಾಡಿ ಒಂದೊಂದನ್ನೇ ಪರೀಕ್ಷಿಸುವುದಕ್ಕಿಂತ ನಡುವೆ ಕತ್ತರಿಸಿ ನೋಡುವುದು ಬೇಗ ಆಗುವ ಕೆಲಸ.

ಯುಎಸ್‌ಬಿ ಕೇಬಲ್ ಕಳಚಿ, ಹೆಡ್‌ಫೋನನ್ನು ನೇರವಾಗಿ ಮಾಡೆಲರ್‌ಗೆ ಚುಚ್ಚಿ ನುಡಿಸಿ. ದೋಷ ಆಗಲೂ ಕೇಳಿದರೆ ಅದು ಗಿಟಾರ್‌ನಿಂದ ಮಾಡೆಲರ್‌ವರೆಗಿನ ಭಾಗದಲ್ಲಿದೆ. ಕೇಳದಿದ್ದರೆ ಕಂಪ್ಯೂಟರ್ ಕಡೆಯ ಭಾಗದಲ್ಲಿದೆ. ಗಿಟಾರ್ ಕಡೆಯದು ಎಂದು ತಿಳಿದರೆ ಎಲ್ಲ ಬ್ಲಾಕ್‌ಗಳನ್ನೂ (ಆಂಪ್, ಕ್ಯಾಬಿನೆಟ್, ಎಫೆಕ್ಟ್ ಇವುಗಳ ಒಂದೊಂದು ಘಟಕ) ಆಫ್ ಮಾಡಿದ ಖಾಲಿ ಪ್ರೀಸೆಟ್ ತೆರೆದು ಮತ್ತೆ ಕೇಳಿ. ಖಾಲಿ ಪ್ರೀಸೆಟ್‌ನಲ್ಲೂ ಉಳಿಯುವ ದೋಷ ಪಿಕಪ್, ಜ್ಯಾಕ್, ಕೇಬಲ್, ಇನ್‌ಪುಟ್ ಈ ನಾಲ್ಕರಲ್ಲಿ ಒಂದರದು. ಕಂಪ್ಯೂಟರ್ ಕಡೆಯದಾದರೆ ಟ್ರ್ಯಾಕ್‌ನ ಎಲ್ಲ ಪ್ಲಗಿನ್‌ಗಳನ್ನು ತೆಗೆದು ಹತ್ತು ಸೆಕೆಂಡ್ ರೆಕಾರ್ಡ್ ಮಾಡಿ, ಆಮೇಲೆ ಕೇಳಿ. ನುಡಿಸುವಾಗ ಕೇಳಿದ ದೋಷ ರೆಕಾರ್ಡಿಂಗ್‌ನಲ್ಲಿ ಇಲ್ಲದಿದ್ದರೆ ತೊಂದರೆ ಮಾನಿಟರಿಂಗ್‌ನದು. ಧ್ವನಿಮುದ್ರಣಕ್ಕೆ ಏನೂ ಆಗಿಲ್ಲ.

ಪ್ರತಿ ಪರೀಕ್ಷೆಗೂ ಒಂದೇ ತುಣುಕು ನುಡಿಸಿ: ಬಿಡಿ ತಂತಿಗಳು ಒಂದೊಂದಾಗಿ, ಒಂದು ಪೂರ್ಣ ಕಾರ್ಡ್, ಒಂದಿಷ್ಟು ಪಾಮ್ ಮ್ಯೂಟ್ (ಅಂಗೈ ಅಂಚಿನಿಂದ ತಂತಿ ಅದುಮಿ ನುಡಿಸುವುದು), ಕೊನೆಗೆ ಐದು ಸೆಕೆಂಡ್ ಮೌನ. ಹಮ್, ಗೇಟ್, ಯುಎಸ್‌ಬಿ ಗದ್ದಲ ಎಲ್ಲದರ ಸುಳಿವೂ ಸಿಗುವುದು ಆ ಮೌನದಲ್ಲೇ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎರಡು ಬದಲಾಯಿಸಿ ಸರಿಹೋದರೆ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ.

ಸದ್ದೇ ಬರುತ್ತಿಲ್ಲ, ಅಥವಾ ಸಪ್ಪೆ ಗಿಟಾರ್ ಮಾತ್ರ ಬರುತ್ತಿದೆ

ಕಂಪ್ಯೂಟರ್ ಮಾಡೆಲರ್ ಅನ್ನು ಗುರುತಿಸದಿದ್ದರೆ ಮೊದಲು ಯುಎಸ್‌ಬಿ ಕೇಬಲ್ ಬದಲಿಸಿ. ಚಾರ್ಜಿಂಗ್‌ಗೆಂದೇ ಮಾಡಿದ ಕೆಲವು ಕೇಬಲ್‌ಗಳಲ್ಲಿ ಡೇಟಾ ತಂತಿಗಳೇ ಇರುವುದಿಲ್ಲ. ಹಬ್ ಬಿಟ್ಟು ನೇರವಾಗಿ ಕಂಪ್ಯೂಟರ್‌ನ ಪೋರ್ಟ್‌ಗೆ ಹಾಕಿ. ವಿಂಡೋಸ್‌ನಲ್ಲಿ ತಯಾರಕರ ಅಸಿಯೋ (ASIO, ಕಡಿಮೆ ತಡದ ಆಡಿಯೋ) ಡ್ರೈವರ್ ಹಾಕಿ, ತಂತ್ರಾಂಶದಲ್ಲಿ ಅದನ್ನೇ ಆರಿಸಿ. ಮ್ಯಾಕ್‌ನಲ್ಲಿ ಹಲವು ಸಾಧನಗಳು ಕೋರ್ ಆಡಿಯೋದ ಮೂಲಕ ಪ್ರತ್ಯೇಕ ಡ್ರೈವರ್ ಇಲ್ಲದೆಯೇ ನಡೆಯುತ್ತವೆ.

ಸದ್ದು ಬರುತ್ತಿದೆ, ಆದರೆ ಆಂಪ್ ಹಾಕದ ಬರೀ ತಂತಿಯ ಸದ್ದಿನಂತೆ ತೆಳುವಾಗಿದೆ ಎಂದರೆ ಯುಎಸ್‌ಬಿ ಚಾನಲ್ ತಪ್ಪಾಗಿದೆ. ಅನೇಕ ಮಾಡೆಲರ್‌ಗಳು ಹಲವು ಚಾನಲ್‌ಗಳನ್ನು ಒಟ್ಟಿಗೆ ಕಳಿಸುತ್ತವೆ. ಸಾಮಾನ್ಯವಾಗಿ 1 ಮತ್ತು 2ರಲ್ಲಿ ಎಲ್ಲ ಎಫೆಕ್ಟ್ ಸೇರಿದ ಸ್ಟೀರಿಯೋ ಸದ್ದು, ಅದರ ಮೇಲಿನ ಯಾವುದೋ ಸಂಖ್ಯೆಯಲ್ಲಿ ಡ್ರೈ ಗಿಟಾರ್ (ಆಂಪ್, ಎಫೆಕ್ಟ್ ಸೇರದ ಸದ್ದು). ಯಾವ ಸಂಖ್ಯೆ ಎಂಬುದು ಸಾಧನದಿಂದ ಸಾಧನಕ್ಕೆ ಬೇರೆ, ಕೈಪಿಡಿಯ ಯುಎಸ್‌ಬಿ ಪುಟ ನೋಡಿ. ಸ್ಟೀರಿಯೋ ಪ್ರೀಸೆಟ್ ಅನ್ನು ಮೋನೋ ಟ್ರ್ಯಾಕ್‌ಗೆ ತೆಗೆದುಕೊಂಡರೆ ಎಡಬದಿ ಮಾತ್ರ ದಾಖಲಾಗುತ್ತದೆ, ಪಿಂಗ್‌ಪಾಂಗ್ ಡಿಲೇಯ ಅರ್ಧ ಪೆಟ್ಟುಗಳು ಮಾಯವಾಗುತ್ತವೆ.

ಇನ್ನೊಂದು ವಿಚಿತ್ರ ಲಕ್ಷಣವಿದೆ: ರಿವರ್ಬ್ ಚೆನ್ನಾಗಿ ಕೇಳುತ್ತದೆ, ಗಿಟಾರ್ ಮಾತ್ರ ಕಾಣೆಯಾಗಿ ಎಲ್ಲೋ ದೂರದಲ್ಲಿ ಟೊಳ್ಳಾಗಿ ಕೇಳುತ್ತದೆ. ಮಾಡೆಲರ್‌ನ ಹೆಡ್‌ಫೋನ್ ಔಟ್‌ನಿಂದ ಟಿಆರ್‌ಎಸ್ (ಟಿಪ್, ರಿಂಗ್, ಸ್ಲೀವ್ ಎಂಬ ಮೂರು ಸಂಪರ್ಕಗಳಿರುವ) ಕೇಬಲ್ ಎಳೆದು ಆಡಿಯೋ ಇಂಟರ್‌ಫೇಸ್‌ನ ಬ್ಯಾಲೆನ್ಸ್ಡ್ ಇನ್‌ಪುಟ್‌ಗೆ ಹಾಕಿದಾಗ ಹೀಗಾಗುತ್ತದೆ. ಹೆಡ್‌ಫೋನ್ ಜ್ಯಾಕ್‌ನಲ್ಲಿ ಟಿಪ್‌ಗೆ ಎಡ, ರಿಂಗ್‌ಗೆ ಬಲ. ಬ್ಯಾಲೆನ್ಸ್ಡ್ ಇನ್‌ಪುಟ್ ಟಿಪ್‌ನಿಂದ ರಿಂಗ್ ಅನ್ನು ಕಳೆಯುತ್ತದೆ. ಎರಡು ಕಡೆಯೂ ಸಮನಾಗಿರುವ ಗಿಟಾರ್ ಸೊನ್ನೆಯಾಗಿ, ಎಡಬಲ ಬೇರೆಯಾಗಿರುವ ರಿವರ್ಬ್ ಉಳಿಯುತ್ತದೆ. ಲೈನ್ ಔಟ್‌ನ ಎಡ ಮತ್ತು ಬಲ ಜ್ಯಾಕ್‌ಗಳಿಂದ ಎರಡು ಪ್ರತ್ಯೇಕ ಕೇಬಲ್ ಎಳೆಯಿರಿ. ಹೆಡ್‌ಫೋನ್ ಔಟ್ ಒಂದೇ ಇದ್ದರೆ ಸ್ಟೀರಿಯೋದಿಂದ ಎರಡು ಮೋನೋಗೆ ಒಡೆಯುವ ಕೇಬಲ್ ಬೇಕು.

ಜೇನುನೊಣದಂತೆ ಗುಂಯ್‌ಗುಡುವ ಡಿಸ್ಟಾರ್ಷನ್, ಅಥವಾ ಕಂಬಳಿ ಹೊದಿಸಿದಂಥ ಮಂಕು

ಎರಡಕ್ಕೂ ಮೊದಲು ಶಂಕಿಸಬೇಕಾದದ್ದು ಕ್ಯಾಬಿನೆಟ್ ಮಾಡೆಲ್ (ಸ್ಪೀಕರ್ ಪೆಟ್ಟಿಗೆಯ ಅನುಕರಣೆ, ಚಿಕ್ಕದಾಗಿ ಕ್ಯಾಬ್) ಅನ್ನು. 12 ಇಂಚಿನ ಗಿಟಾರ್ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ದಾಟಿದ ಮೇಲೆ ತೀವ್ರವಾಗಿ ಇಳಿದುಬಿಡುತ್ತದೆ. ಡಿಸ್ಟಾರ್ಷನ್ ಹುಟ್ಟಿಸುವ ಮೇಲಿನ ಹಾರ್ಮೋನಿಕ್‌ಗಳನ್ನು ಸೋಸುವ ಕೆಲಸ ಅದರದೇ. ಕ್ಯಾಬ್ ಸಿಮ್ಯುಲೇಷನ್ ಇಲ್ಲದೆ ಪ್ರೀಆಂಪ್‌ನ ಸದ್ದು ನೇರ ಯುಎಸ್‌ಬಿಗೆ ಹೋದರೆ ಆ ಸೋಸುವಿಕೆ ನಡೆಯುವುದೇ ಇಲ್ಲ, ಹೈ ಗೇನ್ ಅಂತೂ ಕಿವಿ ಕೊರೆಯುತ್ತದೆ. ಕ್ಯಾಬ್ ಎರಡು ಸಲ ಹಾಕಿದರೆ ಎರಡು ಸಲ ಸೋಸಿದಂತಾಗಿ ಸದ್ದು ಡಬ್ಬದೊಳಗಿನಿಂದ ಬಂದಂತಾಗುತ್ತದೆ.

ಪರೀಕ್ಷೆ ಸುಲಭ. ಮಾಡೆಲರ್‌ನಲ್ಲಿ ಕ್ಯಾಬ್ ಬ್ಲಾಕ್ ಆಫ್ ಮಾಡಿ. ಸದ್ದು ಸಹಿಸಲಾಗದಷ್ಟು ಕರ್ಕಶವಾದರೆ ಅದು ಕೆಲಸ ಮಾಡುತ್ತಿತ್ತು ಎಂದರ್ಥ, ಮತ್ತೆ ಆನ್ ಮಾಡಿ. ಮಂಕು ಹೋಗಿ ಸದ್ದು ತೆರೆದುಕೊಂಡರೆ ಇನ್ನೊಂದು ಕ್ಯಾಬ್ ಬೇರೆಲ್ಲೋ ಇದೆ. ಹೆಚ್ಚಾಗಿ ಅದು ಟ್ರ್ಯಾಕ್‌ನಲ್ಲಿರುವ ಐಆರ್ (ಇಂಪಲ್ಸ್ ರೆಸ್ಪಾನ್ಸ್, ಸ್ಪೀಕರ್ ಕ್ಯಾಬಿನೆಟ್ ಸ್ವಭಾವ ಹಿಡಿದಿಟ್ಟ ಫೈಲ್) ಲೋಡರ್ ಅಥವಾ ಆಂಪ್ ಪ್ಲಗಿನ್. ಆಫ್ ಮಾಡಿದರೂ ಏನೂ ಬದಲಾಗದಿದ್ದರೆ ಗ್ಲೋಬಲ್ ಸೆಟ್ಟಿಂಗ್‌ಗೆ ಹೋಗಿ ನೋಡಿ. ಪವರ್ ಆಂಪ್‌ಗೆ ಅಥವಾ ನಿಜವಾದ ಸ್ಪೀಕರ್ ಕ್ಯಾಬಿನೆಟ್‌ಗೆ ಜೋಡಿಸಲು ಎಂದೋ ಒಮ್ಮೆ ಔಟ್‌ಪುಟ್ ಮೋಡ್ ಬದಲಿಸಿದ್ದರೆ, ಎಷ್ಟೋ ಸಾಧನಗಳಲ್ಲಿ ಎಲ್ಲ ಪ್ರೀಸೆಟ್‌ಗಳ ಕ್ಯಾಬ್ ಒಟ್ಟಿಗೆ ಆಫ್ ಆಗಿರುತ್ತದೆ. ಪ್ರೀಸೆಟ್ ಪರದೆಯಲ್ಲಿ ಮಾತ್ರ ಕ್ಯಾಬ್ ಇರುವಂತೆಯೇ ಕಾಣುತ್ತದೆ. ಇದನ್ನು ಕಂಡುಹಿಡಿಯಲು ಜನ ಅತಿ ಹೆಚ್ಚು ಹೊತ್ತು ಕಳೆಯುತ್ತಾರೆ.

ಹೊರಗಿನ ಐಆರ್ ಫೈಲ್ ಬಳಸುತ್ತಿದ್ದರೆ ಅದರ ಸ್ಯಾಂಪಲ್ ರೇಟ್ ನೋಡಿ. 44.1 ಕಿಲೋಹರ್ಟ್ಸ್‌ನ ಫೈಲನ್ನು 48ರಲ್ಲಿ ನಡೆಯುವ ಸಾಧನ ಪರಿವರ್ತಿಸದೆ ಹಾಗೇ ಓದಿದರೆ, ಸ್ಪೀಕರ್‌ನ ಇಡೀ ಸ್ವಭಾವ ಸುಮಾರು 9 ಶೇಕಡಾ ಮೇಲಕ್ಕೆ ಸರಿಯುತ್ತದೆ. ಎರಡು ಐಆರ್ ಬೆರೆಸಿದಾಗ ಸದ್ದು ತೆಳುವಾಗಿ ಮೂಗಿನಿಂದ ಬಂದಂತಿದ್ದರೆ ಒಂದರ ಪೊಲಾರಿಟಿ ತಿರುಗಿಸಿ ನೋಡಿ. ತಳ ತುಂಬಿ ಬಂದರೆ ಫೇಸ್ ಕಾದಾಟ ಇತ್ತೆಂದು ತಿಳಿಯಿತು. ಆದರೂ ಒಂದೇ ಒಳ್ಳೆಯ ಐಆರ್‌ನಲ್ಲಿ ಕೆಲಸ ಮುಗಿಸುವುದೇ ಲೇಸು.

ಇಷ್ಟಾದ ಮೇಲೂ ಕರ್ಕಶ ಉಳಿದರೆ ಆಗ ಈಕ್ಯೂ. ಲೋ ಕಟ್ 80ರಿಂದ 100 ಹರ್ಟ್ಸ್, ಹೈ ಕಟ್ 7ರಿಂದ 8 ಕಿಲೋಹರ್ಟ್ಸ್‌ನಿಂದ ಶುರುಮಾಡಿ. ಸ್ಟ್ಯಾಂಡರ್ಡ್ ಶ್ರುತಿಯ ಆರನೇ ತಂತಿಯ ಮೂಲ ಸ್ವರ 82.4 ಹರ್ಟ್ಸ್. ಅದರ ಕೆಳಗಿರುವುದು ಬಹುತೇಕ ಪಾಮ್ ಮ್ಯೂಟ್‌ನ ಧಡ್ ಧಡ್ ಮಾತ್ರ, ಅದಕ್ಕೂ ಬೇಸ್ ಗಿಟಾರ್‌ಗೂ ಜಗಳ. ತಂತಿಗಳನ್ನು ಇನ್ನೂ ಕೆಳಗಿನ ಶ್ರುತಿಗೆ ಇಳಿಸಿದ್ದರೆ ಲೋ ಕಟ್ ಅನ್ನೂ ಅದಕ್ಕೆ ತಕ್ಕಂತೆ ಇಳಿಸಬೇಕು.

ಪ್ರೀಸೆಟ್ ಅನ್ನು ಎಷ್ಟು ವಾಲ್ಯೂಮ್‌ನಲ್ಲಿ ಮಾಡಿದಿರಿ ಎಂಬುದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಸದ್ದು ಸಣ್ಣದಿರುವಾಗ ನಮ್ಮ ಕಿವಿಗೆ ತಳವೂ ತುದಿಯೂ ಕಡಿಮೆ ಕೇಳುತ್ತವೆ. ರಾತ್ರಿ ಪಿಸುದನಿಯಲ್ಲಿ ಬೇಸ್, ಟ್ರೆಬಲ್ ಏರಿಸಿ ಮಾಡಿದ ಟೋನ್ ಹಗಲು ದೊಡ್ಡದಾಗಿ ಕೇಳಿದಾಗ ಕೆಳಗೆ ಗುಡುಗಿ ಮೇಲೆ ಚುಚ್ಚುತ್ತದೆ, ಮಿಡ್ ಇಲ್ಲದೆ ಮಿಕ್ಸ್‌ನಲ್ಲಿ ಮುಳುಗುತ್ತದೆ. ಟೋನ್ ನಿರ್ಧಾರಗಳನ್ನು ಮಾತಾಡಿದರೆ ದನಿ ಏರಿಸಬೇಕಾದಷ್ಟು ವಾಲ್ಯೂಮ್‌ನಲ್ಲಿ, ಡ್ರಮ್ಸ್ ಮತ್ತು ಬೇಸ್ ಜೊತೆಗಿಟ್ಟು ಮಾಡಿ. ಗಿಟಾರ್ ಒಂದನ್ನೇ ಕೇಳುತ್ತಾ ಮಾಡಬೇಡಿ.

ಒಡೆದ ಸದ್ದು: ಎಲ್ಲಿ ಒಡೆಯಿತು?

ಕ್ಲಿಪ್ಪಿಂಗ್ (ಮಟ್ಟ ಮೀರಿ ಸದ್ದು ಒಡೆಯುವುದು) ಪತ್ತೆಗೆ ಕ್ಲೀನ್ ಪ್ರೀಸೆಟ್ ಬೇಕು. ಹೈ ಗೇನ್ ಟೋನ್‌ನ ತರಂಗವೇ ತಲೆ ಚಪ್ಪಟೆಯಾದಂತೆ ಕಾಣುವುದರಿಂದ ಅದನ್ನು ನೋಡಿ ಏನೂ ಹೇಳಲಾಗದು. ಕ್ಲೀನ್‌ನಲ್ಲಿ ಜೋರಾಗಿ ಮೀಟಿ ರೆಕಾರ್ಡ್ ಮಾಡಿ, ತರಂಗವನ್ನು ಹಿಗ್ಗಿಸಿ ನೋಡಿ. ತಲೆ 0 ಡಿಬಿಎಫ್‌ಎಸ್‌ನಲ್ಲಿ (ಡಿಜಿಟಲ್ ಸದ್ದಿನ ಗರಿಷ್ಠ ಮಟ್ಟ) ಚಪ್ಪಟೆಯಾಗಿದ್ದರೆ ಒಡೆದದ್ದು ಕೊನೆಯ ಹಂತದಲ್ಲಿ, ಅಂದರೆ ಯುಎಸ್‌ಬಿ ಮಟ್ಟದಲ್ಲಿ ಅಥವಾ ಇಂಟರ್‌ಫೇಸ್‌ನ ಇನ್‌ಪುಟ್‌ನಲ್ಲಿ. ಅದಕ್ಕಿಂತ ಕೆಳಗೆ, ಉದಾಹರಣೆಗೆ ಮೈನಸ್ 8ರಲ್ಲೇ ಚಪ್ಪಟೆಯಾಗಿದ್ದರೆ ಒಡೆದ ಮೇಲೆ ಯಾರೋ ವಾಲ್ಯೂಮ್ ಇಳಿಸಿದ್ದಾರೆ. ದೋಷ ಇನ್ನೂ ಹಿಂದೆ ಇದೆ.

ಹಿಂದೆ ಹೋಗುವುದು ಹೀಗೆ. ಗಿಟಾರ್‌ನ ವಾಲ್ಯೂಮ್ ನಾಬ್ ಅರ್ಧಕ್ಕೆ ಇಳಿಸಿದಾಗ ಒಡಕು ಮಾಯವಾದರೆ ಮಾಡೆಲರ್‌ನ ಇನ್‌ಪುಟ್ ಅಥವಾ ಮೊದಲ ಬ್ಲಾಕ್ ಶಂಕಿತ. ಇನ್‌ಪುಟ್ ಪ್ಯಾಡ್ ಇದ್ದರೆ ಹಾಕಿ, ಬೂಸ್ಟ್ ಪೆಡಲ್ ತೆಗೆಯಿರಿ, ಪಿಕಪ್ ತಂತಿಗೆ ತೀರ ಹತ್ತಿರವಿದ್ದರೆ ತುಸು ಇಳಿಸಿ. ನಾಬ್ ಇಳಿಸಿದರೂ ಒಡಕು ಅದೇ ರೀತಿ ಇದ್ದು ಸದ್ದು ದುರ್ಬಲವಾಗಿದ್ದರೆ ಆಕ್ಟಿವ್ ಪಿಕಪ್‌ನ 9 ವೋಲ್ಟ್ ಬ್ಯಾಟರಿ ನೋಡಿ. ಇಂಥ ಗಿಟಾರ್‌ಗಳಲ್ಲಿ ಜ್ಯಾಕ್‌ಗೆ ಕೇಬಲ್ ಚುಚ್ಚಿಟ್ಟಷ್ಟು ಹೊತ್ತೂ ಬ್ಯಾಟರಿ ಖರ್ಚಾಗುತ್ತಿರುತ್ತದೆ.

ಮಟ್ಟ ಎಷ್ಟಿರಬೇಕು? 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ, ಅತಿ ಜೋರಾದ ಮೀಟು ಮೈನಸ್ 12ರಿಂದ ಮೈನಸ್ 6 ಡಿಬಿಎಫ್‌ಎಸ್ ನಡುವೆ ನಿಂತರೆ ಸಾಕು. ಇನ್ನೂ ಮೇಲಕ್ಕೆ ತಳ್ಳಿ ಗಳಿಸುವುದೇನೂ ಇಲ್ಲ. ತಂತ್ರಾಂಶ ಒಳಗೆ 32 ಬಿಟ್ ಫ್ಲೋಟ್‌ನಲ್ಲಿ ನಡೆಯುತ್ತದೆ ಎಂದು ನೆಮ್ಮದಿಯಿಂದ ಇರಬೇಡಿ, ಪರಿವರ್ತಕದಲ್ಲೇ ಒಡೆದದ್ದನ್ನು ಅದು ಜೋಡಿಸಿ ಕೊಡುವುದಿಲ್ಲ.

ಲೈನ್ ಔಟ್‌ನಿಂದ ಇಂಟರ್‌ಫೇಸ್‌ಗೆ ಹೋಗುವವರು ಇನ್‌ಪುಟ್ ಸ್ವಿಚ್ ‘ಲೈನ್’ನಲ್ಲಿದೆಯೇ ನೋಡಿ. ಮೈಕ್ ಅಥವಾ ಇನ್‌ಸ್ಟ್ರುಮೆಂಟ್ ಸ್ಥಾನದಲ್ಲಿದ್ದರೆ ಗೇನ್ ಪೂರ್ತಿ ಇಳಿಸಿದರೂ ಒಡೆಯಬಹುದು. ಎಕ್ಸ್‌ಎಲ್‌ಆರ್ ಔಟ್ ಬಳಸುವಾಗ 48 ವೋಲ್ಟ್ ಫ್ಯಾಂಟಮ್ ಪವರ್ ಆಫ್ ಇರಲಿ. ಇದಕ್ಕೆ ತದ್ವಿರುದ್ಧದ ತಪ್ಪೂ ಇದೆ: ಡ್ರೈ ಗಿಟಾರ್ ಅನ್ನು ನೇರವಾಗಿ ಇಂಟರ್‌ಫೇಸ್‌ನ ಲೈನ್ ಇನ್‌ಪುಟ್‌ಗೆ ಹಾಕುವುದು. ಪಿಕಪ್‌ಗೆ ಸುಮಾರು 1 ಮೆಗಾಓಮ್ ಇಂಪೀಡೆನ್ಸ್ ಬೇಕು. ಲೈನ್ ಇನ್‌ಪುಟ್‌ನದು ಅದರ ನೂರನೇ ಒಂದು ಭಾಗದ ಆಸುಪಾಸಿನಲ್ಲಿ ಇರುವುದರಿಂದ ಸದ್ದು ಸಣ್ಣದಾಗಿ, ಹೊಳಪಿಲ್ಲದೆ ಬರುತ್ತದೆ.

ಹಮ್ ಮತ್ತು ಗದ್ದಲ

ಗಿಟಾರ್ ಹಿಡಿದು ಕುಳಿತಲ್ಲೇ ನಿಧಾನ ಸುತ್ತಿ ತಿರುಗಿ. ದಿಕ್ಕು ಬದಲಾದಂತೆ ಹಮ್ ಏರಿಳಿದರೆ ಅದನ್ನು ಹಿಡಿಯುತ್ತಿರುವುದು ಪಿಕಪ್. ಸಿಂಗಲ್ ಕಾಯಿಲ್ ಗಿಟಾರ್‌ನಲ್ಲಿ ಮಧ್ಯದ ಪಿಕಪ್ ರಿವರ್ಸ್ ವೌಂಡ್ ಆಗಿದ್ದರೆ 2 ಮತ್ತು 4ನೇ ಸ್ಥಾನಗಳಲ್ಲಿ ಹಮ್ ಅಡಗುತ್ತದೆ, ಇದೂ ಅದಕ್ಕೇ ಸಾಕ್ಷಿ. ಅಡಾಪ್ಟರ್‌ಗಳು, ಮಾನಿಟರ್ ಪರದೆ, ಡಿಮ್ಮರ್ ಹಾಕಿದ ದೀಪಗಳಿಂದ ಕನಿಷ್ಠ ಒಂದು ಮೀಟರ್ ದೂರ ಕೂತು, ಹಮ್ ಅತಿ ಕಡಿಮೆ ಇರುವ ದಿಕ್ಕಿಗೆ ಮುಖಮಾಡಿ ರೆಕಾರ್ಡ್ ಮಾಡಿ.

ತಂತಿ ಮುಟ್ಟಿದಾಗ ಗುಂಯ್‌ ಸದ್ದು ಕಡಿಮೆಯಾಗುವುದು ಸಹಜ: ತಂತಿಗಳು ಗ್ರೌಂಡ್‌ಗೆ ಸೇರಿರುತ್ತವೆ, ನಿಮ್ಮ ಮೈ ಹಿಡಿದ ಗದ್ದಲ ಆ ಮೂಲಕ ಅಡಗುತ್ತದೆ. ಮುಟ್ಟಿದಾಗ ಹೆಚ್ಚಾದರೆ ಜ್ಯಾಕ್‌ನಲ್ಲಿ ಸಿಗ್ನಲ್ ಮತ್ತು ಗ್ರೌಂಡ್ ತಂತಿ ಅದಲುಬದಲಾಗಿವೆಯೇ ಎಂದು ತೆರೆದು ನೋಡಬೇಕು.

ಮೌಸ್ ಅಲುಗಿಸಿದಾಗ, ಪುಟ ಸರಿಸಿದಾಗ ಕೀಚಲು ಸದ್ದು ಬದಲಾಗುತ್ತಿದ್ದರೆ ಅದು ಕಂಪ್ಯೂಟರ್‌ನಿಂದ ಗ್ರೌಂಡ್ ಮೂಲಕ ಬರುತ್ತಿದೆ. ಲ್ಯಾಪ್‌ಟಾಪ್‌ನ ಚಾರ್ಜರ್ ಕಳಚಿ ಬ್ಯಾಟರಿಯಲ್ಲಿ ನಡೆಸಿ. ನಿಂತುಹೋದರೆ ಗ್ರೌಂಡ್ ಲೂಪ್ (ಗ್ರೌಂಡ್ ಎರಡು ದಾರಿಯಲ್ಲಿ ಸೇರಿ ಉಂಟಾಗುವ ಸುತ್ತು) ಖಚಿತ. ಮಾಡೆಲರ್‌ನ ಯುಎಸ್‌ಬಿಯೂ ಕಂಪ್ಯೂಟರ್‌ಗೆ, ಲೈನ್ ಔಟ್ ಕೂಡ ಇಂಟರ್‌ಫೇಸ್ ಮೂಲಕ ಅದೇ ಕಂಪ್ಯೂಟರ್‌ಗೆ ಸೇರಿದ್ದರೆ ಲೂಪ್ ತಯಾರಾಗಿದೆ. ಎರಡರಲ್ಲಿ ಒಂದನ್ನು ಕಳಚಿ. ಎರಡೂ ಬೇಕೇಬೇಕೆಂದರೆ ಬ್ಯಾಲೆನ್ಸ್ಡ್ ಕೇಬಲ್, ಮಾಡೆಲರ್‌ನ ಗ್ರೌಂಡ್ ಲಿಫ್ಟ್ ಸ್ವಿಚ್ ಅಥವಾ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ ಬಳಸಿ, ಎಲ್ಲ ಉಪಕರಣಗಳನ್ನೂ ಒಂದೇ ಪವರ್ ಸ್ಟ್ರಿಪ್‌ನಿಂದ ನಡೆಸಿ. ಗೋಡೆಯ ಪ್ಲಗ್‌ನ ಅರ್ತ್ ಪಿನ್ ಮುರಿಯುವುದು, ಟೇಪ್ ಸುತ್ತುವುದು ಎಂದಿಗೂ ಬೇಡ. ಗಿಟಾರ್‌ನ ತಂತಿಗಳು ನೇರವಾಗಿ ಆ ಗ್ರೌಂಡ್‌ಗೇ ಸೇರಿವೆ, ಒಳಗೆ ಶಾರ್ಟ್ ಆದರೆ ಕರೆಂಟ್ ಬರುವುದು ನಿಮ್ಮ ಬೆರಳಿಗೆ.

ಉಳಿದ ಹಿಸ್ ಗೇನ್‌ನದು. ಗೇನ್ ಇಳಿಸಿ. ಅದರಲ್ಲೂ ಒಂದೇ ಭಾಗವನ್ನು ಎರಡು ಸಲ ನುಡಿಸಿ ಎಡಬಲಕ್ಕೆ ಹಾಕುವುದಾದರೆ, ಒಂದೇ ಗಿಟಾರ್‌ಗೆ ಬೇಕೆನಿಸುವಷ್ಟು ಗೇನ್ ಬೇಕಾಗುವುದೇ ಇಲ್ಲ. ಇಳಿಸಿದರೆ ಮೀಟಿನ ಮೊನೆ ಸ್ಪಷ್ಟವಾಗುತ್ತದೆ. ಆಮೇಲೆ ನಾಯ್ಸ್ ಗೇಟ್ (ಸದ್ದು ಒಂದು ಮಟ್ಟಕ್ಕಿಂತ, ಅಂದರೆ ಥ್ರೆಶೋಲ್ಡ್‌ಗಿಂತ ಇಳಿದಾಗ ಮುಚ್ಚುವ ಎಫೆಕ್ಟ್): ತಂತಿಗಳ ಮೇಲೆ ಅಂಗೈ ಇಟ್ಟು ಸುಮ್ಮನಿದ್ದು, ಥ್ರೆಶೋಲ್ಡ್ ಅನ್ನು ಗದ್ದಲ ಆಗಷ್ಟೇ ಅಡಗುವ ತನಕ ಏರಿಸಿ, ಅಲ್ಲಿಂದ 3 ಡಿಬಿ ಮಾತ್ರ ಹೆಚ್ಚಿಸಿ. ಉದ್ದ ಸ್ವರದ ಬಾಲ ತುಂಡಾದರೆ ಥ್ರೆಶೋಲ್ಡ್ ಹೆಚ್ಚಾಗಿದೆ, ಬಾಲ ನಡುಗುತ್ತಾ ಸತ್ತರೆ ರಿಲೀಸ್ (ಗೇಟ್ ಮುಚ್ಚಲು ಹಿಡಿಯುವ ಸಮಯ) ಚಿಕ್ಕದಾಗಿದೆ. ಸ್ವರದ ಅಡಿಯಲ್ಲಿ ಸಾಗುವ ಹಮ್ ಅನ್ನು ಗೇಟ್ ತೆಗೆಯಲಾರದು. ಅದನ್ನು ಮೂಲದಲ್ಲೇ ನಿಲ್ಲಿಸಬೇಕು.

ತಡವಾಗಿ ಕೇಳುವುದು, ಜೋಡಿಯಾಗಿ ಕೇಳುವುದು

48 ಕಿಲೋಹರ್ಟ್ಸ್‌ನಲ್ಲಿ 128 ಸ್ಯಾಂಪಲ್ ಬಫರ್ (ಕಂಪ್ಯೂಟರ್ ಒಮ್ಮೆಗೆ ಹಿಡಿದಿಟ್ಟು ಸಂಸ್ಕರಿಸುವ ಸದ್ದಿನ ತುಣುಕು) ಎಂದರೆ ಸುಮಾರು 2.7 ಮಿಲಿಸೆಕೆಂಡ್, 256 ಎಂದರೆ 5.3, 1024 ಎಂದರೆ 21.3. ಒಳಬರುವಾಗ ಒಮ್ಮೆ, ಹೊರಹೋಗುವಾಗ ಒಮ್ಮೆ ಈ ತಡ ಸೇರುತ್ತದೆ. ಅದರ ಮೇಲೆ ಪರಿವರ್ತಕ ಮತ್ತು ಡ್ರೈವರ್‌ನ ಪಾಲು. ಒಟ್ಟು 10 ಮಿಲಿಸೆಕೆಂಡ್ ಎಂದರೆ ಆಂಪ್‌ನಿಂದ ಮೂರೂವರೆ ಮೀಟರ್ ದೂರ ನಿಂತು ನುಡಿಸಿದಂತೆ. ಹೆಚ್ಚಿನವರು ಅಷ್ಟಕ್ಕೆ ಹೊಂದಿಕೊಳ್ಳುತ್ತಾರೆ, 20 ದಾಟಿದರೆ ತಾಳ ಜಾರುತ್ತದೆ.

ಆದರೆ ಮಾಡೆಲರ್ ಇರುವವರಿಗೆ ಈ ತಡವನ್ನು ಅನುಭವಿಸುವ ಅಗತ್ಯವೇ ಇಲ್ಲ. ಆಂಪ್‌ನ ಸದ್ದು ಸಾಧನದಲ್ಲೇ ತಯಾರಾಗುತ್ತಿದೆ. ಹೆಡ್‌ಫೋನನ್ನು ಅದಕ್ಕೇ ಹಾಕಿ, ತಂತ್ರಾಂಶದ ಔಟ್‌ಪುಟ್ ಅನ್ನೂ ಯುಎಸ್‌ಬಿ ಮೂಲಕ ಅದಕ್ಕೇ ಕಳಿಸಿ, ಟ್ರ್ಯಾಕ್‌ನ ಇನ್‌ಪುಟ್ ಮಾನಿಟರಿಂಗ್ ಆಫ್ ಮಾಡಿ. ಈ ಕೊನೆಯದನ್ನು ಮರೆತಾಗ ನೇರ ಸದ್ದು ಮತ್ತು ಕಂಪ್ಯೂಟರ್ ಸುತ್ತಿ ಬಂದ ಸದ್ದು ಎರಡೂ ಒಟ್ಟಿಗೆ ಕೇಳಿ ಫ್ಲ್ಯಾಂಜರ್ ಹಾಕಿದಂತಾಗುತ್ತದೆ. ಎರಡರ ನಡುವೆ 5 ಮಿಲಿಸೆಕೆಂಡ್ ಅಂತರವಿದ್ದರೆ 100, 300, 500 ಹರ್ಟ್ಸ್ ಹೀಗೆ ಬೆಸ ಗುಣಕಗಳಲ್ಲಿ ಸದ್ದು ಕುಸಿಯುತ್ತದೆ, ಗಿಟಾರ್‌ನ ಮೈಯೇ ಹೋಗುತ್ತದೆ.

ಕ್ಲಿಕ್, ಚಿಟಪಟ, ಶ್ರುತಿ ಬದಲಾವಣೆ

ಕ್ಲಿಕ್‌ಗಳು ಅಡ್ಡಾದಿಡ್ಡಿಯಾಗಿ, ಕಂಪ್ಯೂಟರ್ ಹೆಚ್ಚು ದುಡಿಯುವಾಗ ಬಂದರೆ ಬಫರ್ ಸಾಲುತ್ತಿಲ್ಲ. ನೇರ ಮಾನಿಟರಿಂಗ್ ಇರುವುದರಿಂದ 512ಕ್ಕೆ ಧಾರಾಳವಾಗಿ ಏರಿಸಿ. ವಿಂಡೋಸ್‌ನಲ್ಲಿ ಯುಎಸ್‌ಬಿಯ ವಿದ್ಯುತ್ ಉಳಿತಾಯ ಆಫ್ ಮಾಡಿ, ರೆಕಾರ್ಡ್ ಮಾಡುವಾಗ ವೈಫೈ ನಿಲ್ಲಿಸಿ ನೋಡಿ. ಕ್ಲಿಕ್‌ಗಳು ಗಡಿಯಾರದಂತೆ ಸಮ ಅಂತರದಲ್ಲಿ ಬಂದರೆ ತೊಂದರೆ ಕ್ಲಾಕ್‌ನದು. ಮಾಡೆಲರ್ ಒಂದು ಡ್ರೈವರ್‌ನಲ್ಲಿ, ಸ್ಪೀಕರ್‌ಗೆ ಇನ್ನೊಂದು ಇಂಟರ್‌ಫೇಸ್‌ನಲ್ಲಿ ನಡೆಯುತ್ತಿದ್ದರೆ ಎರಡರ ಹರಳುಗಳೂ ನಿಖರವಾಗಿ ಒಂದೇ ವೇಗದಲ್ಲಿ ಮಿಡಿಯುವುದಿಲ್ಲ. ಒಂದೇ ಸಾಧನ ಬಳಸಿ. ಇಲ್ಲವೇ ಎಸ್‌ಪಿಡಿಐಎಫ್‌ನಲ್ಲಿ ಜೋಡಿಸಿ ಒಂದನ್ನು ಇಂಟರ್ನಲ್ ಕ್ಲಾಕ್, ಇನ್ನೊಂದನ್ನು ಎಕ್ಸ್‌ಟರ್ನಲ್ ಮಾಡಿ. ಕೇಬಲ್ 75 ಓಮ್‌ನದಾಗಿರಲಿ. ಮ್ಯಾಕ್‌ನ ಅಗ್ರಿಗೇಟ್ ಡಿವೈಸ್ ಬಳಸಿದರೆ ಡ್ರಿಫ್ಟ್ ಕರೆಕ್ಷನ್ ಗುರುತು ಹಾಕಬೇಕು.

ರೆಕಾರ್ಡಿಂಗ್ ಕೇಳಿದಾಗ ಸುಮಾರು ಒಂದೂವರೆ ಸೆಮಿಟೋನ್ ಏರಿದ್ದರೆ ಅಥವಾ ಇಳಿದಿದ್ದರೆ 44.1 ಮತ್ತು 48 ಬೆರೆತಿವೆ. ಕೆಲವು ಮಾಡೆಲರ್‌ಗಳು, ಉದಾಹರಣೆಗೆ ಫ್ರಾಕ್ಟಲ್‌ನ ಆಕ್ಸ್-ಎಫ್‌ಎಕ್ಸ್ 3, 48ರಲ್ಲಿ ಮಾತ್ರ ನಡೆಯುತ್ತವೆ. ಪ್ರಾಜೆಕ್ಟನ್ನೇ ಸಾಧನಕ್ಕೆ ಹೊಂದಿಸಿ ಮೊದಲೇ 48ರಲ್ಲಿ ತೆರೆಯಿರಿ.

ಡ್ರೈ ಟ್ರ್ಯಾಕ್ ಮತ್ತು ರೀಆಂಪಿಂಗ್

ಆಂಪ್‌ನ ಸದ್ದಿನ ಜೊತೆಗೆ ಡ್ರೈ ಗಿಟಾರ್ ಅನ್ನೂ ಪ್ರತ್ಯೇಕ ಮೋನೋ ಟ್ರ್ಯಾಕ್‌ನಲ್ಲಿ ಸದಾ ತೆಗೆದುಕೊಳ್ಳಿ. ದೋಷ ಹುಡುಕುವಾಗ ಇದಕ್ಕಿಂತ ಒಳ್ಳೆಯ ಸಾಧನವಿಲ್ಲ: ಡ್ರೈನಲ್ಲಿ ಇರುವ ದೋಷ ಗಿಟಾರ್, ಕೇಬಲ್ ಅಥವಾ ಇನ್‌ಪುಟ್‌ನದು, ಡ್ರೈನಲ್ಲಿ ಇಲ್ಲದ್ದು ಆಮೇಲೆ ಸೇರಿದ್ದು. ಮಿಕ್ಸ್‌ನಲ್ಲಿ ಅದನ್ನು ಮ್ಯೂಟ್ ಮಾಡಿಡಿ.

ಅದನ್ನೇ ಯುಎಸ್‌ಬಿ ಮೂಲಕ ಮಾಡೆಲರ್‌ಗೆ ಮರಳಿ ಕಳಿಸಿ ಹೊಸ ಟೋನ್ ತೆಗೆಯುವಾಗ (ಇದೇ ರೀಆಂಪಿಂಗ್) ಮೂರು ತಪ್ಪುಗಳಾಗುತ್ತವೆ. ಪ್ರೀಸೆಟ್‌ನ ಇನ್‌ಪುಟ್ ಬ್ಲಾಕ್ ಯುಎಸ್‌ಬಿಗೆ ಬದಲಾಗದೆ ಗಿಟಾರ್‌ನಲ್ಲೇ ಉಳಿದಿರುತ್ತದೆ, ಆಗ ಮೌನ. ರೆಕಾರ್ಡ್ ಆಗುವ ಟ್ರ್ಯಾಕ್‌ನ ಔಟ್‌ಪುಟ್ ಕೂಡ ಅದೇ ರೀಆಂಪ್ ಚಾನಲ್‌ಗೆ ಹೋಗಿರುತ್ತದೆ, ಆಗ ಸುತ್ತಿ ಸುತ್ತಿ ಕೂಗುತ್ತದೆ. ಹೆಡ್‌ಫೋನ್ ಕಿವಿಯಿಂದ ತೆಗೆದು ಮೊದಲ ಪ್ರಯತ್ನ ಮಾಡಿ. ಮೂರನೆಯದು ಮಟ್ಟ: ಡ್ರೈ ಟ್ರ್ಯಾಕ್‌ನ ಫೇಡರ್ 0 ಡಿಬಿಯಿಂದ ಕದಲಿದ್ದರೆ ಆಂಪ್ ಮಾಡೆಲ್‌ಗೆ ತಲುಪುವ ಗೇನ್ ಬದಲಾಗುತ್ತದೆ, ಮೊದಲಿನ ಟೋನ್ ಎಷ್ಟು ಹುಡುಕಿದರೂ ಸಿಗುವುದಿಲ್ಲ. ರೀಆಂಪ್ ಆಗಿ ಬಂದ ಟ್ರ್ಯಾಕ್ ಮೂಲಕ್ಕಿಂತ ಕೆಲವು ಮಿಲಿಸೆಕೆಂಡ್ ಹಿಂದೆ ಬಿದ್ದಿರುತ್ತದೆ. ಒಂದು ಚೂಪಾದ ಮೀಟನ್ನು ಹಿಗ್ಗಿಸಿ ಎರಡರ ಮೊನೆಗಳನ್ನು ಸಾಲಾಗಿಸಿ, ಆಮೇಲೆ ಬೆರೆಸಿ.